ಟೈಮ್‌ಶೇರ್: ಡೆವಲಪರ್ ಹತ್ತಿರವೋ, ರೀಸೇಲೋ?

ಫ್ಲಾರಿಡಾದಲ್ಲಿ ಡಿಸ್ನಿ ವೆಕೇಶನ್ ಕ್ಲಬ್ (ಡಿಸ್ನಿಯ ಟೈಮ್‌ಶೇರ್, ಅಂದರೆ ರೆಸಾರ್ಟ್‌ನಲ್ಲಿ ವರ್ಷವರ್ಷ ತಂಗುವ ಹಕ್ಕು) ಪಾಯಿಂಟ್ ಕೊಳ್ಳುವವರ ಗಮನಕ್ಕೆ. ಪಾಯಿಂಟ್ ಎಂದರೆ ಕೋಣೆ ಬುಕ್ ಮಾಡಲು ಪ್ರತಿವರ್ಷ ಸಿಗುವ ಅಂಕ.

ರೀಸೇಲ್‌ನಲ್ಲಿ, ಅಂದರೆ ಡೆವಲಪರ್ ಆದ ಡಿಸ್ನಿಯ ಬದಲು ಹಳೆಯ ಮಾಲೀಕರಿಂದ ಕೊಂಡರೆ, ದರ ಸಾಮಾನ್ಯವಾಗಿ ಕಡಿಮೆ. ವಾರ್ಷಿಕ ಶುಲ್ಕದಲ್ಲಿ ಮಾತ್ರ ರಿಯಾಯಿತಿಯಿಲ್ಲ. ಹೋಮ್ ರೆಸಾರ್ಟ್‌ನಲ್ಲಿ (ನೀವು ಪಾಯಿಂಟ್ ಕೊಂಡ ರೆಸಾರ್ಟ್) 11 ತಿಂಗಳು ಮೊದಲೇ ಬುಕ್ ಮಾಡುವ ಹಕ್ಕೂ ಸಿಗುತ್ತದೆ. ತೊಡಕು ಒಂದಿದೆ: 2019ರ ಜನವರಿ 19ರಿಂದೀಚೆಗೆ ಕೊಂಡ ರೀಸೇಲ್ ಪಾಯಿಂಟ್ ಹಳೆಯ 14 ರೆಸಾರ್ಟ್‌ಗಳದ್ದಾದರೆ ರಿವಿಯೆರಾ ಎಂಬ ಹೊಸ ರೆಸಾರ್ಟ್‌ನಲ್ಲಿ ನಡೆಯದು. ರಿವಿಯೆರಾದ್ದೇ ರೀಸೇಲ್ ಕೊಂಡರೆ ಅಲ್ಲಿ ಮಾತ್ರ. ಅದಕ್ಕೆ, ವರ್ಷವರ್ಷ ಹೋಗಿ ಇರಲು ಇಷ್ಟವಾಗುವ ಜಾಗದಲ್ಲೇ ಕೊಳ್ಳಿ.

ಬಾಕಿ ಹಣ ಕಟ್ಟುವ ಮುನ್ನ ಎಸ್ಟಾಪೆಲ್ ಪತ್ರ (ಆ ಪಾಯಿಂಟ್‌ಗಳ ಸ್ಥಿತಿಯನ್ನು ದೃಢಪಡಿಸುವ ಪತ್ರ) ಓದಿ: ಉಳಿದ ಪಾಯಿಂಟ್, ಶುಲ್ಕದ ಬಾಕಿ, ಸಾಲ ಎಲ್ಲ ಅದರಲ್ಲಿರುತ್ತದೆ. ಮಾರುವವರು ಮುಂದಿನ ವರ್ಷದ ಪಾಯಿಂಟನ್ನೂ ಖಾಲಿ ಮಾಡಿರುವುದುಂಟು! ಬೀಚ್ ಕ್ಲಬ್, ಬೋರ್ಡ್‌ವಾಕ್ ರೆಸಾರ್ಟ್‌ಗಳು ಅಗ್ಗವೆನಿಸಿದರೆ ನೆನಪಿರಲಿ, ಅವುಗಳ ಹಕ್ಕಿನ ಅವಧಿ 2042ಕ್ಕೆ ಮುಗಿಯುತ್ತದೆ. ನೀವು ಮಾರುವವರೊಂದಿಗೆ ಒಪ್ಪಿದ ದರಕ್ಕೆ ಡಿಸ್ನಿಯೇ ಕೊಂಡುಬಿಡುವ ಹಕ್ಕೂ ಇದೆ. ಡಿಸ್ನಿ ಆ ಹಕ್ಕನ್ನು ಬಿಟ್ಟುಕೊಡುವ ತನಕ ವಿಮಾನದ ಟಿಕೆಟ್ ಮಾಡಿಸಬೇಡಿ.

ಡೆವಲಪರ್ ಬಳಿ ಆಗಲೇ ಸಹಿ ಹಾಕಿದ್ದರೆ, ಫ್ಲಾರಿಡಾ ಕಾನೂನಿನಂತೆ 10 ದಿನದೊಳಗೆ ಬರವಣಿಗೆಯಲ್ಲಿ ರದ್ದು ಮಾಡಬಹುದು. ಫೋನಿನಲ್ಲಿ ಹೇಳಿದರೆ ಸಾಲದು.