ಕ್ಲೋನ್ ಮಾಂಸದ ಕಡತಕ್ಕೆ ಸಹಿ ಹಾಕುವ ಮುನ್ನ: ಆಹಾರ ಸಚಿವರಿಗೊಂದು ಬಹಿರಂಗ ಪತ್ರ

ಆಹಾರ ಸುರಕ್ಷತೆಯ ಹೊಣೆ ಹೊತ್ತಿರುವ ಮಾನ್ಯ ಸಚಿವರೇ,

ನಮಸ್ಕಾರ.

ಕ್ಲೋನ್ ಮಾಡಿದ, ಅಂದರೆ ಒಂದು ಪ್ರಾಣಿಯ ಜೀವಕೋಶದಿಂದ ಅದರ ತದ್ರೂಪವಾಗಿ ಹುಟ್ಟಿಸಿದ ದನ, ಹಂದಿ, ಮೇಕೆಗಳ ಮಾಂಸವನ್ನು ಬೇರೆಲ್ಲ ಮಾಂಸದ ಜೊತೆಗೇ ಮಾರಲು ಬಿಡಬಹುದೇ ಎಂದು ಕೇಳುವ ಕಡತ ಇವತ್ತಲ್ಲ ನಾಳೆ ನಿಮ್ಮ ಮೇಜಿಗೆ ಬರುತ್ತದೆ. ಅದರ ಮೊದಲ ಪುಟದಲ್ಲಿ ‘ಸುರಕ್ಷಿತ’ ಎಂದು ಬರೆದಿರುತ್ತದೆ ಅನ್ನುವುದನ್ನು ಈಗಲೇ ಹೇಳಬಲ್ಲೆ. ಆ ಮಾತಿನ ಬಗ್ಗೆ ನನಗೆ ತಕರಾರಿಲ್ಲ. ನಾನು ಮಾಂಸ ತಿನ್ನುವವನು, ಕ್ಲೋನ್ ಎಂದ ಕೂಡಲೇ ಬೆಚ್ಚಿಬೀಳುವ ಪೈಕಿಯೂ ಅಲ್ಲ. ಆದರೆ ಆ ಒಂದೇ ಮಾತು ನೋಡಿ ನೀವು ಸಹಿ ಹಾಕಿಬಿಟ್ಟರೆ, ಕೇಳಲೇಬೇಕಾಗಿದ್ದ ಎರಡು ಪ್ರಶ್ನೆಗಳು ಹಾಗೇ ಉಳಿದುಹೋಗುತ್ತವೆ. ತಿನ್ನುವವನಿಗೆ ಇದನ್ನು ತಿಳಿಸುವವರು ಯಾರು? ಇದಕ್ಕಾಗಿ ನೋವು ತಿಂದ ಪ್ರಾಣಿಗಳ ಲೆಕ್ಕ ಇಡುವವರು ಯಾರು?

ಸುರಕ್ಷತೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2008ರ ಜನವರಿಯಲ್ಲಿ 968 ಪುಟಗಳ ವರದಿ ಹೊರತಂದಿತು. ಕ್ಲೋನ್ ಮಾಡಿದ ದನ, ಹಂದಿ, ಮೇಕೆಗಳ ಮಾಂಸ ಮತ್ತು ಹಾಲು ನಾವು ದಿನವೂ ತಿನ್ನುವ, ಕುಡಿಯುವ ಮಾಂಸ ಮತ್ತು ಹಾಲಿನಷ್ಟೇ ಸುರಕ್ಷಿತ ಎಂಬುದು ಅದರ ತೀರ್ಮಾನ. ಕುರಿಯ ಕ್ಲೋನ್ ಬಗ್ಗೆ ಮಾತ್ರ ಸಾಕಷ್ಟು ಮಾಹಿತಿಯಿಲ್ಲ ಎಂದು ಅದನ್ನು ಪಕ್ಕಕ್ಕಿಟ್ಟರು. ಕ್ಲೋನ್ ಯುಗಕ್ಕೆ ನಾಂದಿ ಹಾಡಿದ್ದೇ ಡಾಲಿ ಎಂಬ ಕುರಿ, ಅನುಮತಿಯ ಪಟ್ಟಿಯಲ್ಲಿ ಜಾಗ ಸಿಗದಿದ್ದದ್ದೂ ಕುರಿಗೇ! ಅದೇ ವರ್ಷ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ, ಮರುವರ್ಷ ಜಪಾನಿನ ಆಹಾರ ಸುರಕ್ಷತಾ ಆಯೋಗ ಹೆಚ್ಚುಕಡಿಮೆ ಇದೇ ಮಾತು ಹೇಳಿದವು. ಕಾರಣ ಸರಳ. ಕ್ಲೋನ್ ಮಾಡುವಾಗ ಹೊರಗಿನ ಯಾವ ಜೀನನ್ನೂ ಪ್ರಾಣಿಯೊಳಗೆ ಸೇರಿಸುವುದಿಲ್ಲ. ಹುಟ್ಟಿದ ಮರಿ ಬದುಕಿ, ಬಲಿತು, ಆರೋಗ್ಯವಾಗಿ ಕಸಾಯಿಖಾನೆಯವರೆಗೆ ಬಂತು ಅಂದರೆ ಅದರ ಮಾಂಸದ ಪ್ರೋಟೀನು, ಕೊಬ್ಬು, ವಿಟಮಿನ್ನುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಕ್ಲೋನ್ ಮಾಂಸ ತಿಂದರೆ ಹಾಗಾಗುತ್ತದೆ, ಹೀಗಾಗುತ್ತದೆ ಎಂದು ಹೆದರಿಸುವವರ ಜೊತೆ ನನ್ನನ್ನು ಸೇರಿಸಬೇಡಿ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಕ್ಲೋನ್ ಮಾಡಿದ ಪ್ರಾಣಿಯನ್ನೇ ಕಡಿದು ತಿನ್ನಲು ಯಾರೂ ಕ್ಲೋನ್ ಮಾಡುವುದಿಲ್ಲ. ಒಂದೊಂದಕ್ಕೂ ಸಾವಿರಾರು ಡಾಲರ್ ಸುರಿದವನು ಅದನ್ನು ತಳಿ ಬೆಳೆಸಲು ಇಟ್ಟುಕೊಳ್ಳುತ್ತಾನೆ. ನಮ್ಮ ತಟ್ಟೆಗೆ ಬರುವುದು ಅದರ ಮಕ್ಕಳು, ಮೊಮ್ಮಕ್ಕಳು. ಟೆಕ್ಸಾಸ್‌ನ ಉದಾಹರಣೆ ನೋಡಿ. ಮಾಂಸದೊಳಗೆ ಕೊಬ್ಬಿನ ಎಳೆ ಧಾರಾಳವಾಗಿರಬೇಕು, ಹೊರಗೆ ವ್ಯರ್ಥವಾಗುವ ಕೊಬ್ಬು ಕಡಿಮೆಯಿರಬೇಕು. ಅಮೆರಿಕದ ದರ್ಜೆ ಪಟ್ಟಿಯಲ್ಲಿ ಈ ಎರಡೂ ಗುಣ ಒಂದೇ ಮೈಯಲ್ಲಿ ಸಿಗುವುದು ಹತ್ತು ಸಾವಿರದಲ್ಲಿ ಸುಮಾರು ಮೂರಕ್ಕೆ. ತಮಾಷೆಯೆಂದರೆ ಆ ಗುಣ ಗೊತ್ತಾಗುವುದು ಪ್ರಾಣಿ ಸತ್ತು ಕೊಕ್ಕೆಗೆ ನೇತುಬಿದ್ದ ಮೇಲೆ, ಮೇಲಾಗಿ ಮಾಂಸಕ್ಕೆಂದು ಸಾಕಿದ ಗಂಡುಗಳ ಬೀಜ ಒಡೆದಿರುತ್ತಾರೆ. ವಂಶ ಅಲ್ಲಿಗೇ ನಿಂತುಹೋಯಿತು. ವೆಸ್ಟ್ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ಅಂಥದೊಂದು ಕಳೇಬರದಿಂದಲೇ ಜೀವಕೋಶ ತೆಗೆದು 2012ರಲ್ಲಿ ಆಲ್ಫಾ ಎಂಬ ಹೋರಿಯನ್ನು ಹುಟ್ಟಿಸಿದರು. ಇನ್ನೊಂದು ಕಳೇಬರದಿಂದ ಗಾಮಾ ಎಂಬ ಹೆಸರಿನ ಮೂರು ಹೆಣ್ಣುಗಳನ್ನು ಮಾಡಿದರು. ಇವುಗಳಿಗೆ ಹುಟ್ಟಿದ ಕರುಗಳನ್ನು ಬೆಳೆಸಿ, ಕಡಿದು, ದರ್ಜೆ ನೋಡಿದಾಗ ಮಾಂಸ ಒಳ್ಳೆಯ ದರ್ಜೆಯದೇ ಬಂತು. ವಿಜ್ಞಾನವಾಗಿ ನೋಡಿದರೆ ಮೆಚ್ಚಬೇಕಾದ ಕೆಲಸ ಎಂದೇ ನನ್ನ ಎಣಿಕೆ. ಸತ್ತ ಪ್ರಾಣಿಯಿಂದ ತಂದೆಯನ್ನು ಮಾಡುವುದು ಹುಡುಗಾಟವಲ್ಲ.

ಆದರೆ ಇಂಥ ಹೋರಿ ಒಂದರಿಂದ ವರ್ಷಕ್ಕೆ ಸಾವಿರಾರು ವೀರ್ಯಕಡ್ಡಿಗಳು, ಅಂದರೆ ಕೃತಕ ಗರ್ಭಧಾರಣೆಗೆಂದು ವೀರ್ಯ ತುಂಬಿಟ್ಟ ಸಣ್ಣ ನಳಿಕೆಗಳು, ತಯಾರಾಗುತ್ತವೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕುಳಿತು ಅವು ಯಾವ ಗಡಿ ಬೇಕಾದರೂ ದಾಟುತ್ತವೆ, ಹೋರಿ ಸತ್ತ ಎಷ್ಟೋ ವರ್ಷಗಳ ಮೇಲೂ ಕರು ಹುಟ್ಟಿಸುತ್ತವೆ. ‘ಕ್ಲೋನ್ ಮಾಂಸ ನಮ್ಮಲ್ಲಿ ಇಲ್ಲವೇ ಇಲ್ಲ’ ಎಂದು ಯಾರಾದರೂ ಸಚಿವರು ಸದನದಲ್ಲಿ ಹೇಳಿದರೆ, ಅವರು ಕ್ಲೋನ್‌ನ ಮಾತು ಆಡುತ್ತಿದ್ದಾರೋ ಅದರ ಸಂತತಿಯ ಮಾತು ಆಡುತ್ತಿದ್ದಾರೋ ಎಂದು ಕೇಳಬೇಕು. ಮೊದಲನೆಯದು ನಿಜವಿರಬಹುದು. ಎರಡನೆಯದನ್ನು ಎದೆ ತಟ್ಟಿ ಹೇಳುವಷ್ಟು ದಾಖಲೆ ಅವರ ಕೈಯಲ್ಲಿ ಇರಬೇಕಲ್ಲ?

ಬ್ರಿಟನ್ನಿನಲ್ಲಿ ಆದದ್ದು ಇದೇ. ಕ್ಲೋನ್ ಸಂತತಿಯ ಹಾಲಿನ ಬಗ್ಗೆ ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ 2010ರ ಆಗಸ್ಟ್‌ನಲ್ಲಿ ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ ತನಿಖೆಗೆ ಇಳಿಯಿತು. ಅಮೆರಿಕದ ಕ್ಲೋನ್ ಹಸುವಿನ ಭ್ರೂಣಗಳಿಂದ ಹುಟ್ಟಿದ್ದ ಎರಡು ಹೋರಿಗಳು ಪತ್ತೆಯಾದವು. ಒಂದನ್ನು 2009ರ ಜುಲೈನಲ್ಲೇ ಕಡಿದಾಗಿತ್ತು, ಮಾಂಸ ಮಾರಾಟವಾಗಿತ್ತು, ಜನ ತಿಂದೂ ಆಗಿತ್ತು. ಇನ್ನೊಂದರ ಮಾಂಸವನ್ನು ಮಾರುಕಟ್ಟೆಗೆ ಹೋಗದಂತೆ ತಡೆದರು. ಯಾರಿಗೂ ಏನೂ ಆಗಲಿಲ್ಲ, ಆಗುವ ಹಾಗೂ ಇರಲಿಲ್ಲ. ಆದರೆ ತಾನು ಕಾಯುತ್ತಿರುವ ಬಾಗಿಲನ್ನು ದಾಟಿ ಹೋದದ್ದೇನು ಎಂದು ಆ ಸಂಸ್ಥೆಗೆ ಗೊತ್ತಾಗಲು ಒಂದು ವರ್ಷ ಹಿಡಿಯಿತು, ಅದೂ ಪತ್ರಿಕೆಯವರ ಕೃಪೆಯಿಂದ. ಜನರ ಸಿಟ್ಟೂ ಅದಕ್ಕೇ ಇತ್ತು. ಇಂಥ ಸಂತತಿಗೆ ಮುಂಗಡ ಅನುಮತಿ ಬೇಕೋ ಬೇಡವೋ ಅನ್ನುವುದರಲ್ಲೇ ಆಗ ಲಂಡನ್ನಿಗೂ ಯುರೋಪ್ ಒಕ್ಕೂಟದ ಬ್ರಸೆಲ್ಸ್‌ಗೂ ಒಮ್ಮತವಿರಲಿಲ್ಲ.

‘ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದರಾಯಿತು’ ಎಂದು ಯಾರಾದರೂ ಅಧಿಕಾರಿ ನಿಮಗೆ ಸಲಹೆ ಕೊಟ್ಟಾರು. ಅದು ಆಗದ ಮಾತು. ಕ್ಲೋನ್‌ನ ಕೋಶಕೇಂದ್ರದ ಡಿಎನ್‌ಎ ಮೂಲ ಪ್ರಾಣಿಯದೇ ಆಗಿರುತ್ತದೆ, ಅದರ ಕರುವಿನ ಮಾಂಸವಂತೂ ಬೇರೆ ಯಾವ ಕರುವಿನ ಮಾಂಸದಂತೆಯೇ. ತುಂಡೊಂದನ್ನು ಕೈಗೆ ಕೊಟ್ಟರೆ ಇದು ಕ್ಲೋನ್ ವಂಶದ್ದು ಎಂದು ಹೇಳುವ ಯಂತ್ರ ಇಲ್ಲ. ಹೇಳಬಲ್ಲದ್ದು ಕಾಗದ ಒಂದೇ. ಆ ಕಾಗದ ಹುಟ್ಟಿನ ಹೊತ್ತಿಗೇ ಶುರುವಾಗಬೇಕು, ನಡುವೆ ಎಲ್ಲೂ ಹರಿಯಬಾರದು. ಹೊಸದೇನನ್ನೂ ಕಟ್ಟಬೇಕಾಗಿಲ್ಲ. ವೀರ್ಯಕಡ್ಡಿಯ ಮೇಲೆ ಹೋರಿಯ ಸಂಖ್ಯೆ, ತೆಗೆದ ದಿನ, ಕೇಂದ್ರದ ಗುರುತು ಈಗಲೂ ಅಚ್ಚಾಗಿರುತ್ತವೆ. ಅದೇ ಸಾಲಿನಲ್ಲಿ ಕ್ಲೋನ್ ಎಂಬ ಒಂದು ಗುರುತು ಸೇರಿಸಲು ಎಷ್ಟು ಶಾಯಿ ಬೇಕು? ಅಮೆರಿಕದ ಕ್ಲೋನಿಂಗ್ ಕಂಪನಿಗಳೇ ಎಫ್‌ಡಿಎ ವರದಿಗೆ ಮುಂಚೆ ತಮ್ಮ ಪ್ರಾಣಿಗಳ ಜಾಡು ಇಡುವ ವ್ಯವಸ್ಥೆಯೊಂದನ್ನು ಮಾಡಿಕೊಂಡಿದ್ದವು. ಆದರೆ ಅದು ನಿಂತದ್ದು ಕ್ಲೋನ್‌ನ ಹತ್ತಿರ, ಮಕ್ಕಳ ತನಕ ಬರಲಿಲ್ಲ. ಎಲ್ಲಿಂದ ಮುಂದೆ ಬೇಕಿತ್ತೋ ಅಲ್ಲಿಗೇ ಕೈಬಿಟ್ಟರು.

ಇನ್ನು ಎರಡನೇ ಪ್ರಶ್ನೆ. ಕಡತದಲ್ಲಿ ಇದಕ್ಕೆ ಬಹಳವಾದರೆ ಅರ್ಧ ಪುಟ ಇರುತ್ತದೆ, ಹಾಗಾಗಿ ನಾನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸೂಕ್ಷ್ಮದರ್ಶಕದ ಕೆಳಗೆ ಒಂದು ಅಂಡಾಣು ಇರುತ್ತದೆ. ಅದನ್ನು ಅಲುಗದಂತೆ ಗಾಜಿನ ನಳಿಕೆಯಿಂದ ಹಿಡಿದು, ಇನ್ನೊಂದು ಚೂಪು ನಳಿಕೆಯಿಂದ ಅದರ ಕೋಶಕೇಂದ್ರವನ್ನು ಹೀರಿ ತೆಗೆಯುತ್ತಾರೆ. ಆ ಜಾಗಕ್ಕೆ ಬೇಕಾದ ಪ್ರಾಣಿಯ ಚರ್ಮದಿಂದಲೋ ಕೆಚ್ಚಲಿನಿಂದಲೋ ತಂದ ಜೀವಕೋಶವನ್ನಿಟ್ಟು ವಿದ್ಯುತ್ತಿನ ಸಣ್ಣ ಮಿಡಿತ ಕೊಟ್ಟು ಬೆಸೆಯುತ್ತಾರೆ. ಒಂದು ವಾರ ಬೆಳೆಸಿ ಬಾಡಿಗೆ ತಾಯಿಯ ಗರ್ಭಕ್ಕೆ ಸೇರಿಸುತ್ತಾರೆ. ಇಲ್ಲಿಯವರೆಗೆ ಕೈಚಳಕ. ತೊಂದರೆ ಶುರುವಾಗುವುದು ಇದಾದ ಮೇಲೆ. ಚರ್ಮದ ಕೋಶವಾಗಿ ಬದುಕಿದ್ದ ಕೋಶ ತನ್ನ ಹಳೆಯ ಕಸುಬನ್ನು ಪೂರ್ತಿ ಮರೆತು ಭ್ರೂಣವಾಗಬೇಕು, ಬಹಳ ಸಲ ಮರೆಯುವುದಿಲ್ಲ. ಮಾಸು ಸರಿಯಾಗಿ ಬೆಳೆಯುವುದಿಲ್ಲ. ಮೊದಲ ಮೂರು ತಿಂಗಳಲ್ಲೇ ಅನೇಕ ಗರ್ಭಗಳು ಇಳಿದುಹೋಗುತ್ತವೆ. ಉಳಿದವುಗಳಲ್ಲಿ ಕೆಲವು ಹಸುಗಳಿಗೆ ಕೊನೆಯ ತಿಂಗಳುಗಳಲ್ಲಿ ಗರ್ಭಚೀಲದಲ್ಲಿ ನೀರು ವಿಪರೀತ ತುಂಬಿ ಹೊಟ್ಟೆ ಎರಡೂ ಕಡೆ ಉಬ್ಬುತ್ತದೆ. ಮೇವು ಸೇರುವುದಿಲ್ಲ, ಮಲಗಿದರೆ ಏಳಲಾಗುವುದಿಲ್ಲ. ಕರು ಅತಿ ದೊಡ್ಡದಾಗಿ ಹೊಟ್ಟೆ ಕೊಯ್ದೇ ತೆಗೆಯಬೇಕಾಗುವುದೂ ಉಂಟು. ಹಾಗೆ ಹುಟ್ಟಿದ ಕರುವಿನ ಹೊಕ್ಕುಳಬಳ್ಳಿ ದಪ್ಪ, ಉಸಿರಾಟ ಕಷ್ಟ. ಕೆಲವಕ್ಕೆ ಕಾಲಿನ ಸ್ನಾಯುಗಳು ಬಿಗಿದುಕೊಂಡು ನಿಲ್ಲಲೂ ಆಗುವುದಿಲ್ಲ.

ಡಾಲಿಗಾಗಿ 277 ಅಂಡಾಣುಗಳನ್ನು ಬೆಸೆದಿದ್ದರು, 29 ಭ್ರೂಣಗಳು 13 ಕುರಿಗಳ ಗರ್ಭ ಸೇರಿದವು, 1996ರ ಜುಲೈ 5ರಂದು ಹುಟ್ಟಿದ್ದು ಒಂದೇ ಮರಿ. ಕೈ ಪಳಗಿದ ಮೇಲೆ ಲೆಕ್ಕ ಸುಧಾರಿಸಿದೆ ನಿಜ, ಆದರೂ ದನಗಳಲ್ಲಿ ಗರ್ಭಕ್ಕೆ ಸೇರಿಸಿದ ಹತ್ತು ಭ್ರೂಣಗಳಲ್ಲಿ ಒಂದು ಜೀವಂತ ಕರುವಾದರೆ ಹೆಚ್ಚು. ಭಾರತದ ಕರ್ನಾಲ್‌ನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ 2009ರಲ್ಲಿ ಹುಟ್ಟಿದ ಮೊದಲ ಕ್ಲೋನ್ ಎಮ್ಮೆಕರು ಕೆಲವೇ ದಿನ ಬದುಕಿತು. ಅದೇ ಸಂಸ್ಥೆಯ ಗರಿಮಾ-2 ಎಂಬ ಕ್ಲೋನ್ ಎಮ್ಮೆ 2013ರಲ್ಲಿ ಮಹಿಮಾ ಎಂಬ ಆರೋಗ್ಯವಂತ ಕರು ಹಾಕಿತು, ಇದನ್ನೂ ಹೇಳಬೇಕು. ಬದುಕಿ ಬೆಳೆದ ಕ್ಲೋನ್‌ಗಳು ಚೆನ್ನಾಗಿಯೇ ಇರುತ್ತವೆ, ಅವುಗಳಿಗೆ ಸಹಜವಾಗಿ ಹುಟ್ಟಿದ ಕರುಗಳಲ್ಲಿ ಈ ತೊಂದರೆಗಳು ಕಾಣುವುದಿಲ್ಲ. ಮಾಂಸ ಸುರಕ್ಷಿತ ಎಂಬ ತೀರ್ಮಾನ ನಿಂತಿರುವುದು ಹೀಗೆ ಜರಡಿಯಲ್ಲಿ ಉಳಿದವುಗಳ ಮೇಲೆ. ಜರಡಿಯಿಂದ ಕೆಳಗೆ ಬಿದ್ದವು ಆಹಾರವಾಗಲೇ ಇಲ್ಲವಲ್ಲ, ಅವುಗಳ ಲೆಕ್ಕ ಆಹಾರ ಇಲಾಖೆಗೆ ಯಾಕೆ? ಯುರೋಪಿನ ಪ್ರಾಧಿಕಾರ ಮಾತ್ರ 2008ರ ತನ್ನ ಅದೇ ವರದಿಯಲ್ಲಿ, ಕ್ಲೋನ್‌ಗಳಲ್ಲಿ ಗಣನೀಯ ಪಾಲು ಪ್ರಾಣಿಗಳ ಆರೋಗ್ಯಕ್ಕೆ ಪೆಟ್ಟು ಬೀಳುತ್ತಿದೆ, ಹಲವು ಸಲ ಅದು ಪ್ರಾಣಕ್ಕೇ ಬರುತ್ತಿದೆ ಎಂದು ಬರೆಯಿತು. ಸುರಕ್ಷಿತ ಎಂಬ ಸಾಲನ್ನು ಎತ್ತಿ ತೋರಿಸುವವರು ಈ ಸಾಲನ್ನೂ ಓದಿ ಹೇಳಲಿ.

ರಾಜಕೀಯದ ಕಥೆ ನಿಮಗೆ ಗೊತ್ತೇ ಇರುತ್ತದೆ. ಸಂತತಿಯ ಮಾಂಸಕ್ಕೂ ಲೇಬಲ್ ಹಚ್ಚಬೇಕೇ ಎಂಬ ಜಗಳದಲ್ಲಿ 2011ರ ಮಾರ್ಚ್‌ನಲ್ಲಿ ಯುರೋಪಿನ ಮಾತುಕತೆ ಮುರಿದುಬಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸಂಸತ್ತು 529 ಮತಗಳಿಂದ, ವಿರುದ್ಧ 120, ಸಾಕುಪ್ರಾಣಿಗಳ ಕ್ಲೋನಿಂಗನ್ನೂ ಸಂತತಿಯ ಮಾಂಸವನ್ನೂ ನಿಷೇಧಿಸಬೇಕೆಂದಿತು. ಅದು ಕಾನೂನಾಗಲಿಲ್ಲ. ಕೆನಡಾದ ಆರೋಗ್ಯ ಇಲಾಖೆ 2024ರಲ್ಲಿ ಅಭಿಪ್ರಾಯ ಕೇಳಿ, ಕ್ಲೋನ್ ದನ ಮತ್ತು ಹಂದಿಯ ಮಾಂಸವನ್ನು ಹೊಸ ಆಹಾರಗಳ ಪಟ್ಟಿಯಿಂದ ಕೈಬಿಡಲು ಹೊರಟಿತ್ತು. ಕೈಬಿಟ್ಟಿದ್ದರೆ ಮುಂಗಡ ಪರಿಶೀಲನೆಯೂ ಇಲ್ಲ, ಲೇಬಲ್ಲೂ ಇಲ್ಲ. ಬಹುಪಾಲು ಜನಕ್ಕೆ ವಿಷಯ ತಿಳಿದದ್ದೇ ತಡವಾಗಿ. ಗದ್ದಲವೆದ್ದ ಮೇಲೆ 2025ರ ನವೆಂಬರ್‌ನಲ್ಲಿ ಇಲಾಖೆ ಅದನ್ನು ತಡೆಹಿಡಿಯಿತು. ಜನರನ್ನು ಕತ್ತಲಲ್ಲಿಟ್ಟು ವಿಜ್ಞಾನವನ್ನು ಗೆಲ್ಲಿಸಲು ಹೋದರೆ ಸೋಲುವುದು ವಿಜ್ಞಾನವೇ.

ಲೇಬಲ್ ಹಾಕಿದರೆ ಜನ ಸುಮ್ಮಸುಮ್ಮನೆ ಹೆದರುತ್ತಾರೆ ಎಂದು ವ್ಯಾಪಾರಿಗಳು ನಿಮ್ಮ ಬಳಿ ಬರುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲದೇ ಇಲ್ಲ. ಎಚ್ಚರಿಕೆಯ ಧಾಟಿಯ ಲೇಬಲ್ ನನಗೂ ಬೇಡ, ಅದು ಸುಳ್ಳು ಹೇಳಿದಂತಾಗುತ್ತದೆ. ಆದರೆ ಜನ ಮಾಂಸ ಕೊಳ್ಳುವಾಗ ನೋಡುವುದು ಆರೋಗ್ಯವನ್ನಷ್ಟೇ ಅಲ್ಲ. ಪ್ರಾಣಿಯನ್ನು ಹೇಗೆ ಸಾಕಿದರು, ಹೇಗೆ ಕಡಿದರು ಅನ್ನುವುದಕ್ಕೆ ಧರ್ಮದ ಕಾರಣಕ್ಕೋ ಮನಸ್ಸಿನ ಕಾರಣಕ್ಕೋ ಬೆಲೆ ಕೊಡುವವರು ಕೋಟಿಗಟ್ಟಲೆ ಇದ್ದಾರೆ. ಅವರಿಗೆ ‘ನಿಮಗೇನೂ ಆಗುವುದಿಲ್ಲ, ತಿನ್ನಿ’ ಎಂದರೆ ಉತ್ತರ ಕೊಟ್ಟಂತಾಗಲಿಲ್ಲ. ಮೊಮ್ಮಕ್ಕಳು, ಮರಿಮಕ್ಕಳ ತನಕ ಲೇಬಲ್ ಎಳೆಯುತ್ತ ಹೋಗಲು ಆಗುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಮೊದಲ ತಲೆಮಾರಿಗೆ ನಿಲ್ಲಿಸಿ, ಸಾಕು.

ಹಾಗಾಗಿ ನಾನು ನಿಷೇಧ ಕೇಳುತ್ತಿಲ್ಲ. ಕ್ಲೋನ್ ಹೋರಿಯ ವೀರ್ಯಕಡ್ಡಿಗೂ ಭ್ರೂಣಕ್ಕೂ ಗುರುತು ಕಡ್ಡಾಯ ಮಾಡಿ, ಆಮದಾದರೂ ಸರಿ, ಇಲ್ಲೇ ಆದರೂ ಸರಿ. ಕ್ಲೋನ್‌ನ ಮತ್ತು ಅದರ ನೇರ ಕರುವಿನ ಮಾಂಸ ಮಾರುವವರು ಅದನ್ನು ಹೇಳಿಯೇ ಮಾರಲಿ. ‘ಕ್ಲೋನ್ ವಂಶದ್ದಲ್ಲ’ ಎಂದು ಬರೆದುಕೊಳ್ಳುವ ರೈತನಿಗೂ ದಾಖಲೆ ತೋರಿಸುವ ಹೊಣೆ ಇರಲಿ, ಇಲ್ಲದಿದ್ದರೆ ಅದೂ ಒಂದು ದಂಧೆಯಾಗುತ್ತದೆ. ಕ್ಲೋನಿಂಗ್‌ಗೆ ಪರವಾನಗಿ ಪಡೆದ ಪ್ರತಿ ಪ್ರಯೋಗಾಲಯವೂ ಎಷ್ಟು ಭ್ರೂಣ ಸೇರಿಸಿತು, ಎಷ್ಟು ಗರ್ಭ ಇಳಿಯಿತು, ಎಷ್ಟು ಬಾಡಿಗೆ ತಾಯಂದಿರು ಸತ್ತವು, ಎಷ್ಟು ಕರು ವರ್ಷ ದಾಟಿದವು ಎಂಬುದನ್ನು ವರ್ಷಕ್ಕೊಮ್ಮೆ ಪ್ರಕಟಿಸಲಿ. ಈ ಕೊನೆಯದಕ್ಕೆ ಕಂಪನಿಗಳಿಂದ ವಿರೋಧ ಹೆಚ್ಚು ಬರುತ್ತದೆ, ವ್ಯಾಪಾರದ ಗುಟ್ಟು ಎನ್ನುತ್ತಾರೆ. ಅಲ್ಲಿ ನೀವು ಬಗ್ಗಬಾರದು.

ಕರಡು ನಿಯಮ ಸಿದ್ಧವಾದಾಗ ಅದನ್ನು ಜಾಲತಾಣದ ಮೂಲೆಯಲ್ಲಿ ಹಾಕಿ ಕೈ ತೊಳೆದುಕೊಳ್ಳದೆ, ಜನರ ಭಾಷೆಯಲ್ಲಿ, ಪತ್ರಿಕೆಗಳಲ್ಲಿ ಪ್ರಕಟಿಸಿ, ಉತ್ತರ ಬರೆಯಲು ಕನಿಷ್ಠ ಮೂರು ತಿಂಗಳು ಕೊಡಿ. ನಾನಂತೂ ಬರೆಯುತ್ತೇನೆ.

ಇಂತಿ,
ಮಾಂಸ ತಿನ್ನುವ ಒಬ್ಬ ನಾಗರಿಕ