ಗೆಳೆಯನಿಗೊಂದು ಪತ್ರ: ಲೈಮ್‌ಲೈಟಿನ ಲೈಮು ನಿಂಬೆಹಣ್ಣಲ್ಲ

ಬೆಂಗಳೂರು

ಪ್ರಿಯ ಗೆಳೆಯ,

ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿ ಉರು ಹೊಡೆದೂ ಹೊಡೆದೂ ಸಾಕಾಯ್ತು, ಮಾತಾಡುವಾಗ ಒಂದೂ ಬಾಯಿಗೆ ಬರಲ್ಲ ಅಂತ ಬರೆದಿದ್ದೀಯ. ಬರೋದೂ ಇಲ್ಲ. ಪಟ್ಟಿಯಲ್ಲಿ ಅರ್ಥ ಇರುತ್ತೆ, ವಸ್ತು ಇರಲ್ಲ. ಮಾತಿನ ಹಿಂದೆ ಒಂದು ಹಲಗೆಯೋ ಹಗ್ಗವೋ ದೀಪವೋ ಕಂಡರೆ ಅದು ತಲೆಯಲ್ಲಿ ಕೂರುತ್ತೆ. ನೀನು ಹೇಗೂ ರಂಗಶಂಕರ, ಕಲಾಕ್ಷೇತ್ರ ಅಂತ ಸುತ್ತುವವನು. ವೇದಿಕೆ ಹೇಗಿರುತ್ತೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ನಾಟಕದವರ ಬದುಕಿನ ಮೇಲೆ ಬರೆದ ಇಂಗ್ಲಿಷ್ ಕಾದಂಬರಿ ಹಿಡಿ.

‘ಲೈಮ್‌ಲೈಟ್’ ತಗೋ. ಅದರ ಲೈಮು ನಿಂಬೆಹಣ್ಣಲ್ಲ, ಸುಣ್ಣ. ಆಮ್ಲಜನಕ, ಜಲಜನಕ ಸೇರಿಸಿದ ಉರಿಯನ್ನು ಸುಟ್ಟ ಸುಣ್ಣದ ತುಂಡಿಗೆ ಹಿಡಿದರೆ ಅದು ಕಣ್ಣು ಕುಕ್ಕುವ ಹಾಗೆ ಬೆಳ್ಳಗೆ ಬೆಳಗುತ್ತೆ. ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ 1837ರಲ್ಲಿ ಇದನ್ನು ವೇದಿಕೆಗೆ ತಂದರು. ದೀಪದ ಪಕ್ಕ ಒಬ್ಬ ಆಳು ನಿಂತು ನಟ ಹೋದ ಕಡೆಗೆಲ್ಲ ಬೆಳಕನ್ನು ತಿರುಗಿಸಬೇಕಿತ್ತು. ಈಗ ಹೇಳು, ‘ಆನ್’ ಬರುತ್ತೋ ‘ಇನ್’ ಬರುತ್ತೋ? ನಟ ಬೆಳಕಿನ ವೃತ್ತದ ಒಳಗಿದ್ದಾನೆ, ಆದ್ದರಿಂದ ‘ಇನ್ ದ ಲೈಮ್‌ಲೈಟ್’, ಅಂದರೆ ಎಲ್ಲರ ಕಣ್ಣೂ ಅವನ ಮೇಲೆ. ನಾವು ಕನ್ನಡಿಗರು ನುಂಗಿಬಿಡುವ ಆ ‘ದ’ ಇಲ್ಲಿ ಇರಲೇಬೇಕು. ಬೇರೆಯವರಿಗೆ ಬಿಡದೆ ತಾನೇ ಮಿಂಚುವವನು ‘ಹಾಗ್ಸ್ ದ ಲೈಮ್‌ಲೈಟ್’.

‘ಅಪ್‌ಸ್ಟೇಜ್’ ಕೂಡ ಹೀಗೇ. ಹಳೆಯ ವೇದಿಕೆಗಳ ಹಿಂಭಾಗ ಎತ್ತರ, ಮುಂಭಾಗ ಇಳಿಜಾರು. ಹಾಗಾಗಿ ಹಿಂದಕ್ಕೆ ಹೋಗುವುದೆಂದರೆ ಮೇಲಕ್ಕೆ ಹೋಗುವುದು. ಮಾತಿನ ನಡುವೆ ಒಬ್ಬ ನಟ ಮೆಲ್ಲಗೆ ಹಿಂದೆ ಸರಿದರೆ ಎದುರಿನವನು ಅವನತ್ತ ತಿರುಗಲೇಬೇಕು, ಬೆನ್ನು ಪ್ರೇಕ್ಷಕರಿಗೆ. ಮುಖ ಕಾಣೋದು ಸರಿದವನದ್ದು ಮಾತ್ರ. ಆಫೀಸಿನ ಮೀಟಿಂಗಿನಲ್ಲಿ ಒಬ್ಬ ಇನ್ನೊಬ್ಬನನ್ನು ‘ಅಪ್‌ಸ್ಟೇಜ್’ ಮಾಡಿದ ಅನ್ನೋದು ಇದೇ ಜಾಣತನ. ಆಮೇಲೆ, ‘ಸ್ಟೇಜ್ ಲೆಫ್ಟ್’ ಅಂದರೆ ಪ್ರೇಕ್ಷಕರಿಗೆ ಮುಖಮಾಡಿ ನಿಂತ ನಟನ ಎಡ, ನಿನಗೆ ಬಲ. ಕೊಲೆಯ ಕಾದಂಬರಿಯಲ್ಲಿ ಇದನ್ನು ತಿರುಗುಮುರುಗು ಮಾಡಿಕೊಂಡರೆ ಯಾರು ಎಲ್ಲಿಂದ ಹೊರಟ ಅನ್ನೋದೇ ಕೈತಪ್ಪುತ್ತೆ.

‘ಬಿಹೈಂಡ್ ದ ಸೀನ್ಸ್’ಗೆ ನಮ್ಮ ‘ತೆರೆಮರೆ’ ಅಚ್ಚುಕಟ್ಟಾಗಿ ಹೊಂದುತ್ತೆ. ಅಲ್ಲಿನ ಸೀನು ಕಥೆಯ ದೃಶ್ಯವಲ್ಲ, ಬಣ್ಣ ಬಳಿದ ಪರದೆ. ಕಂಪನಿ ನಾಟಕದವರ ‘ಸೀನು ಸೀನರಿ’ ನೆನಪಿಸಿಕೋ.

ಇಂಥ ಮಾತು ಕಷ್ಟವಲ್ಲ. ಕಾಲೆಳೆಯೋದು ಸಣ್ಣ ಪದಗಳು. ‘ಫ್ಲಾಟ್’ ಅಂದರೆ ಅಪಾರ್ಟ್‌ಮೆಂಟ್ ಅಲ್ಲ, ಮರದ ಚೌಕಟ್ಟಿಗೆ ಬಟ್ಟೆ ಬಿಗಿದ ಗೋಡೆ. ‘ಹೌಸ್’ ಅಂದರೆ ಬಂದಿರುವ ಪ್ರೇಕ್ಷಕರು. ‘ಬಿಸಿನೆಸ್’ ಅಂದರೆ ಮಾತಿನ ಜೊತೆ ನಟ ಮಾಡುವ ಸಣ್ಣ ಕೈಕೆಲಸ: ಲೋಟ ಎತ್ತೋದು, ಕನ್ನಡಕ ಒರೆಸೋದು. ‘ಡ್ರೈ’ ಆದ ಅಂದರೆ ಮಾತು ಮರೆತ. ‘ಕಾರ್ಪ್ಸ್’ ಮಾಡಿದ ಅಂದರೆ ಹೆಣವಾಗಲಿಲ್ಲ, ತಡೆಯಲಾಗದೆ ವೇದಿಕೆ ಮೇಲೇ ನಕ್ಕುಬಿಟ್ಟ. ‘ನೋಟಿಸಸ್’ ಪತ್ರಿಕೆಯ ವಿಮರ್ಶೆ. ‘ರೆಸ್ಟಿಂಗ್’ ಅನ್ನುವ ನಟ ವಿಶ್ರಾಂತಿಯಲ್ಲಿಲ್ಲ, ಕೆಲಸವಿಲ್ಲ. ಇವನ್ನೆಲ್ಲ ಗೊತ್ತಿರುವ ಪದ ಅಂದುಕೊಂಡು ದಾಟಿಬಿಡ್ತೀಯ, ಮುಂದಿನ ಪುಟ ಅರ್ಥವಾಗಲ್ಲ.

‘ದ ಹಾಫ್’ ಅಂತ ಒಂದಿದೆ, ನಾಟಕಕ್ಕೆ ಮುಂಚೆ ನಟರಿಗೆ ಹೊತ್ತು ತಿಳಿಸುವ ಕರೆ. ಅರ್ಧ ಗಂಟೆ ಅಂತ ಲೆಕ್ಕ ಹಾಕಿದರೆ ತಪ್ಪು. ಬ್ರಿಟಿಷ್ ರಂಗಮಂದಿರದಲ್ಲಿ ಅದು ತೆರೆ ಏಳುವುದಕ್ಕೆ 35 ನಿಮಿಷ ಮುಂಚೆ. ಯಾಕೆಂದರೆ ಲೆಕ್ಕ ನಾಟಕದ ಶುರುವಿಗಲ್ಲ, ‘ಬಿಗಿನರ್ಸ್’ ಕರೆಗೆ, ಅಂದರೆ ಮೊದಲು ಪ್ರವೇಶಿಸುವವರು ಜಾಗಕ್ಕೆ ಬರಬೇಕಾದ 5 ನಿಮಿಷ ಮುಂಚಿನ ಹೊತ್ತಿಗೆ. ಹಾಗಾಗಿ ‘ಕ್ವಾರ್ಟರ್’ 20 ನಿಮಿಷ, ‘ಫೈವ್’ 10 ನಿಮಿಷ ಮುಂಚೆ.

ಪುಸ್ತಕಕ್ಕೆ ಬರೋಣ. ಮೊದಲು ನೈಯೊ ಮಾರ್ಷ್ ಅವರ ಪತ್ತೇದಾರಿ ಕಾದಂಬರಿ ‘ಓಪನಿಂಗ್ ನೈಟ್’, 1951ರದು. ಆಕೆ ಸ್ವತಃ ನಾಟಕ ನಿರ್ದೇಶಿಸುತ್ತಿದ್ದವರು. ಕಥೆಯ ನಾಯಕಿ, ನಟಿಯೊಬ್ಬಳಿಗೆ ಉಡುಪು ತೊಡಿಸುವ ಕೆಲಸಕ್ಕೆ ಸೇರುವ ಹುಡುಗಿ, ಹಾಗಾಗಿ ಗ್ರೀನ್ ರೂಮು, ಕಾರಿಡಾರು, ತಾಲೀಮು ಎಲ್ಲ ಅವಳ ಜೊತೆಗೇ ಪರಿಚಯವಾಗುತ್ತೆ. ಅಮೆರಿಕದಲ್ಲಿ ಇದೇ ಪುಸ್ತಕ ‘ನೈಟ್ ಅಟ್ ದ ವಲ್ಕನ್’. ಎರಡೂ ಕೊಂಡು ಪೆಚ್ಚಾಗಬೇಡ. ಡಿಕನ್ಸ್ ಆಮೇಲೆ ಇರಲಿ, ವಾಕ್ಯ ಉದ್ದ. ‘ನಿಕೊಲಸ್ ನಿಕಲ್‌ಬಿ’ ಪೂರ್ತಿ ಬೇಡ, 22ನೇ ಅಧ್ಯಾಯದಿಂದ 25ರವರೆಗೆ ಓದು ಸಾಕು. ಕಂಪನಿ ಮಾಲೀಕ ಕ್ರಮಲ್ಸ್ ಅಗ್ಗಕ್ಕೆ ಒಂದು ನೀರಿನ ಪಂಪು, ಎರಡು ಬಟ್ಟೆ ಒಗೆಯುವ ತೊಟ್ಟಿ ಕೊಂಡಿದ್ದಾನೆ. ಅವು ಬರುವ ಹಾಗೆ ನಾಟಕ ಬರಿ ಅಂತ ನಿಕೊಲಸ್‌ಗೆ ಹೇಳ್ತಾನೆ. ನಮ್ಮ ಕಂಪನಿ ನಾಟಕ ಬಲ್ಲವರಿಗೆ ಇದಕ್ಕೆ ಟಿಪ್ಪಣಿ ಬೇಡ. ಗುಟೆನ್‌ಬರ್ಗ್ ತಾಣದಲ್ಲಿ ಪುಕ್ಕಟೆ ಸಿಗುತ್ತೆ.

ದಿನಕ್ಕೆ ಹತ್ತು ಪುಟ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ಮೆಟ್ರೊದಲ್ಲಿ ಸೀಟು ಸಿಕ್ಕರೆ ಮುಗಿಯುತ್ತೆ. ಮೊದಲ ಓದಿನಲ್ಲಿ ನಿಘಂಟು ಮುಟ್ಟಬೇಡ, ಎಡವಿದ ಕಡೆ ಪೆನ್ಸಿಲಿನಿಂದ ಚುಕ್ಕೆ ಇಡು. ರಾತ್ರಿ ಚುಕ್ಕೆಗಳಿಗೆ ಮಾತ್ರ ವಾಪಸ್ ಹೋಗಿ ಐದು ಆರಿಸಿಕೋ. ಇಪ್ಪತ್ತು ಬರೆದರೆ ಮೂರನೇ ದಿನಕ್ಕೆ ನೋಟ್‌ಬುಕ್ ಮೂಲೆ ಸೇರುತ್ತೆ. ಉಳಿದವನ್ನು ಬಿಡು, ರಂಗದ ಕಾದಂಬರಿಯಲ್ಲಿ ಅವೇ ಪದ ಮತ್ತೆ ಮತ್ತೆ ಬರುತ್ತವೆ, ನಾಲ್ಕನೇ ಅಧ್ಯಾಯದ ಹೊತ್ತಿಗೆ ಅರ್ಧ ತಾವೇ ಬಿಡಿಸಿಕೊಳ್ಳುತ್ತವೆ.

ಒಂದೊಂದಕ್ಕೂ ಮೂರು ಸಾಲು. ಮೊದಲನೆಯದು ಪುಸ್ತಕದ ಇಡೀ ವಾಕ್ಯ, ಬರೀ ಪದ ಅಲ್ಲ. ಎರಡನೆಯದು ವೇದಿಕೆಯ ಮೇಲೆ ಆ ವಸ್ತು ಏನು ಅಂತ ಕನ್ನಡದಲ್ಲಿ, ಇಲ್ಲವೇ ಸಣ್ಣ ಚಿತ್ರ. ಮೂರನೆಯದು ನಾಟಕಕ್ಕೆ ಸಂಬಂಧವೇ ಇಲ್ಲದ ನಿನ್ನ ಸ್ವಂತ ವಾಕ್ಯ: ಮನೆ, ಆಫೀಸು, ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಏನಾದರೂ. ಮೂರನೆಯದು ಬರಲೇ ಇಲ್ಲವೋ, ಆ ಪದ ನಾಟಕದವರ ಒಳಮಾತು. ನೋಟ್‌ಬುಕ್ಕಿನ ಹಿಂಭಾಗಕ್ಕೆ ಹಾಕು. ‘ವೇಟಿಂಗ್ ಇನ್ ದ ವಿಂಗ್ಸ್’ (ವೇದಿಕೆಯ ಪಕ್ಕದ ಮರೆಯಲ್ಲಿ, ಅಂದರೆ ತನ್ನ ಸರದಿಗೆ ಕಾಯೋದು) ಮುಂಭಾಗಕ್ಕೆ, ‘ಕಾರ್ಪ್ಸ್’ ಹಿಂಭಾಗಕ್ಕೆ. ಮೀಟಿಂಗಿನಲ್ಲಿ ‘ಐ ಕಾರ್ಪ್ಸ್ಡ್’ ಅಂದರೆ ಎಲ್ಲರೂ ಮುಖಮುಖ ನೋಡ್ಕೋತಾರೆ. ಮೂರನೇ ದಿನ, ಹತ್ತನೇ ದಿನ ಮೊದಲ ಸಾಲು ಮುಚ್ಚಿ, ಎರಡನೆಯದನ್ನು ನೋಡಿ ವಾಕ್ಯ ಹೇಳು.

‘ಬ್ರೇಕ್ ಎ ಲೆಗ್’ ವೇದಿಕೆ ಹತ್ತುವ ಮುಂಚಿನ ಹಾರೈಕೆ, ಮುಗಿದ ಮೇಲೆ ಹೇಳಬಾರದು. ಇನ್ನೊಬ್ಬರಿಗೆ ಸಲ್ಲಬೇಕಾದ ಹೊಗಳಿಕೆ ಕಸಿಯೋದನ್ನು ‘ಸ್ಟೀಲ್ ಥಂಡರ್’ ಅಂತ ಬೋಳಾಗಿ ಬಿಡಬೇಡ, ಯಾರದ್ದೋ ಗುಡುಗು ಇರಲೇಬೇಕು: ‘ಹಿಸ್ ಥಂಡರ್’, ‘ಮೈ ಥಂಡರ್’. ಮೂಲದಲ್ಲೂ ಗುಡುಗಿಗೆ ಒಡೆಯನಿದ್ದ. ನಾಟಕಕಾರ ಜಾನ್ ಡೆನಿಸ್ 1709ರಲ್ಲಿ ತನ್ನ ನಾಟಕಕ್ಕೆ ಗುಡುಗಿನ ಸದ್ದು ತರುವ ಹೊಸ ವಿಧಾನ ಹೂಡಿದ, ನಾಟಕ ಬಿದ್ದುಹೋಯ್ತು, ಅದೇ ಡ್ರೂರಿ ಲೇನ್ ರಂಗಮಂದಿರದವರು ಆ ಗುಡುಗನ್ನು ‘ಮ್ಯಾಕ್‌ಬೆತ್’ಗೆ ಬಳಸಿಕೊಂಡರು ಅಂತ ಕಥೆ. ಇನ್ನು ಅಮೆರಿಕದ ಕಾದಂಬರಿಯಲ್ಲಿ ‘ಆರ್ಕೆಸ್ಟ್ರಾ’ದಲ್ಲಿ ಕೂತವನು ಪಿಟೀಲು ಬಾರಿಸುವವನಲ್ಲ, ನೆಲದ ಮಟ್ಟದ ಸೀಟಿನ ಪ್ರೇಕ್ಷಕ. ಬ್ರಿಟಿಷರು ಅದನ್ನೇ ‘ಸ್ಟಾಲ್ಸ್’ ಅಂತಾರೆ, ತುತ್ತತುದಿಯ ಅಗ್ಗದ ಸೀಟುಗಳಿಗೆ ‘ಗಾಡ್ಸ್’. ಆಮೇಲೆ, ಈ ನಟನಟಿಯರು ಕಂಡಕಂಡವರನ್ನೆಲ್ಲ ‘ಡಾರ್ಲಿಂಗ್’ ಅಂತಾರೆ. ನಿನ್ನ ಮ್ಯಾನೇಜರ್ ಮೇಲೆ ಪ್ರಯೋಗಿಸಬೇಡ ಕಣೋ.

ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಮಾರ್ಷ್ ಪತ್ತೇದಾರಿ ಕಪಾಟಿನಲ್ಲಿರ್ತಾರೆ, ಸಾಹಿತ್ಯದ ಕಪಾಟಿನಲ್ಲಿ ಹುಡುಕಬೇಡ. ಮೊದಲ ವಾರ ಮುಗಿದ ಮೇಲೆ ನೋಟ್‌ಬುಕ್ಕಿನ ಫೋಟೊ ಕಳಿಸು. ಮೂರನೇ ಸಾಲುಗಳನ್ನು ನೋಡಿ ತಿದ್ದಿ ಕಳಿಸ್ತೀನಿ.

ನಿನ್ನ ಗೆಳೆಯ