ಮೊದಲು ತಪ್ಪು ಕೀ ಹಾಕಿ ನೋಡು

ಮೈಸೂರು, ಕುವೆಂಪುನಗರ
ಭಾನುವಾರ ರಾತ್ರಿ

ಪುಟ್ಟಿಗೆ ಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಬೆಳಿಗ್ಗೆ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಅರ್ಧಂಬರ್ಧ ಉತ್ತರ ಕೊಟ್ಟೆ. ಆ ಕಡೆ ಕುಕ್ಕರ್ ಕೂಗುತ್ತಿತ್ತು, ನಿಮ್ಮತ್ತೆ ಬೇರೆ ಕರೆಯುತ್ತಿದ್ದಳು. ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತುವಾಗ ಪೂರ್ತಿ ಅದೇ ಯೋಚನೆ. ಮತ್ತೆ ಫೋನ್ ಮಾಡೋಣ ಅಂದರೆ ನೀನು "ಹ್ಞೂಂ ಮಾವ, ಹ್ಞೂಂ ಮಾವ" ಅಂದು ಮರೆತುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಆಲೆಮನೆಯವರು ಬೆಲ್ಲದ ಆರ್ಡರ್ ಲೆಕ್ಕ ಇಡುವ ನಿಮ್ಮ ಆಪನ್ನು ಝ್ಯಾಪಿಯರ್‌ಗೆ ಜೋಡಿಸಬೇಕು. ಒಂದು ಆಪಿನಲ್ಲಿ ಏನಾದರೂ ಆದರೆ ಇನ್ನೊಂದರಲ್ಲಿ ಕೆಲಸ ತಾನೇ ಮಾಡಿಸುವ ಸೇವೆ ಅದು. ಆರ್ಡರ್ ಬಂದ ಕೂಡಲೇ ಶೀಟಿನಲ್ಲಿ ಸಾಲು ಸೇರಬೇಕು, ಲಾರಿಯವನಿಗೆ ಮೆಸೇಜ್ ಹೋಗಬೇಕು. ಅದಕ್ಕೆ ಎಪಿಐ ಕೀ, ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದಕ್ಕೆ ಗುರುತಾಗಿ ತೋರಿಸುವ ಗುಟ್ಟಿನ ಅಕ್ಷರಸಾಲು, ಅದರ ವ್ಯವಸ್ಥೆ ಮಾಡುವ ಕೆಲಸ ನಿನ್ನ ಪಾಲಿಗೆ ಬಂದಿದೆ. "ಒಂದು ಬಾಕ್ಸ್ ಇಟ್ಟು ಕೀ ಇಸ್ಕೊಂಡ್ರೆ ಆಯ್ತಲ್ವಾ ಮಾವ?" ಅಂದೆ. ಬಾಕ್ಸ್ ಇಡೋದಕ್ಕೆ ಹತ್ತು ನಿಮಿಷ ಸಾಕು ಕಣಮ್ಮ. ಉಳಿದದ್ದಕ್ಕೆ ಎರಡು ದಿನ ಇಟ್ಟುಕೋ.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ, ನಗಬೇಡ. ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಗ ಇಂಥದ್ದೇ ಜೋಡಣೆ ಮಾಡಿದ್ದೆ. ಗಿರಾಕಿ ಕೀ ಹಾಕಿದ ತಕ್ಷಣ ಅದು ಸರಿಯಿದೆಯಾ ಅಂತ ನೋಡೋಕೆ ನಮ್ಮ ಸರ್ವರಿನ ಒಂದು ವಿಳಾಸಕ್ಕೆ ಟೆಸ್ಟ್ ಕರೆ ಹೋಗಬೇಕಲ್ಲ, ಆ ಜಾಗಕ್ಕೆ ನಾನು ಹೆಲ್ತ್ ಚೆಕ್ ವಿಳಾಸ ಕೊಟ್ಟುಬಿಟ್ಟೆ. ಸರ್ವರ್ ಎದ್ದಿದೆಯಾ ಮಲಗಿದೆಯಾ ಅಂತ ಹೇಳುವುದಷ್ಟೇ ಅದರ ಕೆಲಸ. ಅದು ಯಾರ ಹತ್ತಿರವೂ ಕೀ ಕೇಳುವುದಿಲ್ಲ. ಯಾರು ಕೂಗಿದರೂ 200, ಅಂದರೆ 'ಎಲ್ಲ ಸರಿ', ಅಂತ ಓಗೊಡುತ್ತದೆ. ನಾನು ಸರಿಯಾದ ಕೀ ಹಾಕಿ ನೋಡಿದೆ, ಹಸಿರು ಬಂತು. ಖುಷಿಯಾಗಿ ಮನೆಗೆ ಹೋದೆ.

ಹತ್ತು ದಿನ ಕಳೆದ ಮೇಲೆ ಒಬ್ಬ ಗಿರಾಕಿ ಬೈದುಕೊಂಡು ಫೋನ್ ಮಾಡಿದರು. ಒಂದು ಬಿಲ್ಲೂ ಹೋಗಿಲ್ಲವಂತೆ. ತೆಗೆದು ನೋಡಿದರೆ ಅವರು ಕೀ ಬಾಕ್ಸಿನಲ್ಲಿ ತಮ್ಮ ಮೊಬೈಲ್ ನಂಬರ್ ಹಾಕಿದ್ದರು! ನಮ್ಮ ಪರದೆ ಮಾತ್ರ 'ಕನೆಕ್ಟ್ ಆಗಿದೆ' ಅಂತ ಹಸಿರಾಗಿ ಕೂತಿತ್ತು. ತಪ್ಪು ಅವರದ್ದಲ್ಲ. ನಾನು ಒಂದೇ ಒಂದು ಸಲ ತಪ್ಪು ಕೀ ಹಾಕಿ ನೋಡಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು.

ಅದಕ್ಕೇ ಹೇಳುತ್ತಿರುವುದು. ನೀನು ಮೊದಲು ತಪ್ಪು ಕೀ ಹಾಕು. ಆಮೇಲೆ ಖಾಲಿ ಬಿಡು. ಆಮೇಲೆ ನಿನ್ನೆ ರದ್ದು ಮಾಡಿದ ಕೀ ಹಾಕು. ಈ ಮೂರೂ ಸಲ ಕೆಂಪು ಬಂದ ಮೇಲೆ ಸರಿಯಾದ ಕೀ ಕಡೆ ಹೋಗು.

ಟೆಸ್ಟ್ ಕರೆಗೆ 'ನಾನು ಯಾರು' ಅಂತ ಕೇಳುವ ವಿಳಾಸ ಒಂದನ್ನು ಮಾಡಿಸು. ಕೀ ಇಲ್ಲದೆ ಅದು ಬಾಯಿ ಬಿಡಬಾರದು. ಸುಮ್ನೆ ಓದುವ ಕರೆ ಆಗಿರಬೇಕು, ಏನನ್ನೂ ಬದಲಾಯಿಸಬಾರದು. ಟೆಸ್ಟ್ ಮಾಡಿದಾಗಲೆಲ್ಲ ಒಂದು ಸುಳ್ಳು ಆರ್ಡರ್ ಹುಟ್ಟಿದರೆ ಲಾರಿಯವನು ನಿನ್ನನ್ನು ಹುಡುಕಿಕೊಂಡು ಬರುತ್ತಾನೆ. ಉತ್ತರದಲ್ಲಿ ಆಲೆಮನೆಯ ಹೆಸರು ವಾಪಸ್ ಬರಲಿ. ಆ ಹೆಸರನ್ನೇ ಕನೆಕ್ಷನ್ ಲೇಬಲ್‌ಗೆ ಹಾಕು. ಎರಡು ಆಲೆಮನೆ ಲೆಕ್ಕ ನೋಡುವ ಮಂಡಿಯವನು ನಿಮ್ಮಲ್ಲಿ ಒಬ್ಬನಾದರೂ ಇದ್ದೇ ಇರುತ್ತಾನೆ. ಲೇಬಲ್ ಇಲ್ಲದಿದ್ದರೆ ಅವನಿಗೆ ಎರಡೂ ಒಂದೇ ಥರ ಕಾಣುತ್ತವೆ. ಇವರ ಬೆಲ್ಲ ಅವರ ಲೆಕ್ಕಕ್ಕೆ ಹೋಗುತ್ತದೆ.

ಇನ್ನೊಂದು ಕಡೆ ಕಣ್ಣಿಡು. ಕೆಲವು ಸರ್ವರ್‌ಗಳಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಹೊರಗೆ 200 ಅಂತ ಹೇಳಿ, ಒಳಗೆ ಸಣ್ಣಕ್ಷರದಲ್ಲಿ 'ಕೀ ತಪ್ಪು' ಅಂತ ಬರೆದಿರುತ್ತವೆ. ಝ್ಯಾಪಿಯರ್ 400ರಿಂದ ಮೇಲಿನ ನಂಬರ್ ಬಂದರೆ ತಾನೇ ತಪ್ಪು ಅಂದುಕೊಳ್ಳುತ್ತದೆ. 200 ಬಂದರೆ ನಂಬಿಬಿಡುತ್ತದೆ. ನಿಮ್ಮ ಸರ್ವರ್ ಹಾಗೆ ಮಾಡುತ್ತಿದ್ದರೆ ಅದನ್ನೇ ಸರಿ ಮಾಡಿಸು. ಆಗದಿದ್ದರೆ ನೀನೇ ಉತ್ತರದ ಒಳಗೆ ಇಣುಕಿ ನೋಡಿ ಎರರ್ ಎಬ್ಬಿಸಬೇಕು.

ಕರೆಯನ್ನು ತಿರಸ್ಕರಿಸುವಾಗ ಸರ್ವರ್ ಕೊಡುವ 401, 403 ನಂಬರ್ ಎರಡೂ ಒಂದೇ ಅಲ್ವಾ ಅಂತ ನೀನು ಕೇಳಿದೆ. ಅಲ್ಲ. ನಿಮ್ಮ ತಾತ ನೀರುಗಂಟಿ ಆಗಿದ್ದು ಗೊತ್ತಲ್ಲ. ವಿ.ಸಿ. ನಾಲೆಯಿಂದ ನಮ್ಮೂರ ಗದ್ದೆಗೆ ನೀರು ಬಿಡುವ ತೂಬು ಅವರ ಕೈಯಲ್ಲಿತ್ತು. ತೂಬು ತಿರುಗಿಸುವ ಕಬ್ಬಿಣದ ಹಿಡಿ ನಮ್ಮ ಪಡಸಾಲೆಯ ಮೊಳೆಗೆ ನೇತಾಡುತ್ತಿತ್ತು. ಹಿಡಿದ ಜಾಗ ನುಣ್ಣಗೆ ಹೊಳೆಯುತ್ತಿತ್ತು, ಉಳಿದದ್ದೆಲ್ಲ ತುಕ್ಕು. ರಾತ್ರಿ ಯಾರಾದರೂ ಗುರುತಿಲ್ಲದವರು ಬಂದು ಹಿಡಿ ಕೇಳಿದರೆ ತಾತ "ಯಾರಪ್ಪ ನೀನು?" ಅನ್ನುತ್ತಿದ್ದರು. ಅದು 401. ಪಕ್ಕದ ಗದ್ದೆಯವನೇ ಬಂದು, ತನ್ನ ಸರದಿ ಅಲ್ಲದ ದಿನ ಕೇಳಿದರೆ "ನೀನು ಯಾರು ಅಂತ ಗೊತ್ತು ಕಣಯ್ಯ, ಇವತ್ತು ನಿಂದಲ್ಲ, ಹೋಗು" ಅನ್ನುತ್ತಿದ್ದರು. ಅದು 403. ಮಜಾ ಏನಂದರೆ 401ಕ್ಕೆ ಇಂಗ್ಲಿಷಿನಲ್ಲಿ ಇಟ್ಟ ಹೆಸರು 'ಅನ್‌ಆಥರೈಸ್ಡ್', ಅಂದರೆ ಅಧಿಕಾರ ಇಲ್ಲ ಅಂತ. ಹೇಳಬೇಕಾದದ್ದು ಗುರುತು ಸಿಗಲಿಲ್ಲ ಅಂತ. ಹೆಸರಿಟ್ಟವರು ಎಡವಿದರು, ನಾವು ಇನ್ನೂ ಮುಗ್ಗರಿಸುತ್ತಿದ್ದೇವೆ.

ಈ ಎರಡನ್ನೂ ಬೇರೆ ಬೇರೆ ಕೊಟ್ಟರೆ ಗಿರಾಕಿಗೂ ಬೇರೆ ಬೇರೆ ಮಾತು ಹೇಳಬಹುದು. 401 ಬಂದರೆ 'ಕೀ ಸರಿಯಿಲ್ಲ, ಸೆಟ್ಟಿಂಗ್ಸ್‌ನಿಂದ ಮತ್ತೆ ಕಾಪಿ ಮಾಡಿ' ಅನ್ನು. 403 ಬಂದರೆ 'ಈ ಕೀಗೆ ಆರ್ಡರ್ ನೋಡುವ ಅನುಮತಿ ಇಲ್ಲ' ಅನ್ನು. 'ಏನೋ ತಪ್ಪಾಗಿದೆ' ಅಂತ ಮಾತ್ರ ಬರೆಯಬೇಡ. ಆ ಸಾಲು ಓದಿದವರು ನೇರ ನಿಮ್ಮ ಆಫೀಸಿಗೇ ಫೋನ್ ಮಾಡುತ್ತಾರೆ. ತಾತನ ಹತ್ತಿರ ಇದ್ದದ್ದು ನಮ್ಮೂರ ತೂಬಿನ ಹಿಡಿ, ಕನ್ನಂಬಾಡಿ ಕಟ್ಟೆಯ ಗೇಟಿನದಲ್ಲ. ನೀನೂ ಹಾಗೇ ಮಾಡು. ಝ್ಯಾಪಿಯರ್‌ಗೆ ಕೊಡುವ ಕೀ ಆರ್ಡರ್ ಓದಲಿ, ಬೇಕಾದರೆ ಹೊಸದು ಸೇರಿಸಲಿ. ಇಡೀ ಖಾತೆ ಅಳಿಸುವ ಕೈ ಅದಕ್ಕೆ ಯಾಕೆ?

ಇನ್ನು ಕೀ ಕಳಿಸುವ ದಾರಿ. ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಕೀ ಅಂಟಿಸಬೇಡ. ಸುಲಭ ಅಂತ ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಎಚ್‌ಟಿಟಿಪಿಎಸ್ ಇದ್ದರೆ ದಾರಿಯಲ್ಲಿ ಯಾರೂ ಓದಲಾರರು, ಸರಿ. ಆದರೆ ವಿಳಾಸ, ಬಂದ ಕರೆಗಳನ್ನೆಲ್ಲ ದಾಖಲಿಸುವ ಸರ್ವರಿನ ಲಾಗಿನಲ್ಲಿ ಪೂರ್ತಿ ಬರೆದಿಡಲ್ಪಡುತ್ತದೆ. ಹೊಸ ಆರ್ಡರ್ ಇದೆಯಾ ಅಂತ ಝ್ಯಾಪಿಯರ್ 15 ನಿಮಿಷಕ್ಕೊಮ್ಮೆ ಬಂದು ಕೇಳುತ್ತದೆ ಅಂದುಕೋ. ದಿನಕ್ಕೆ 96 ಸಲ ಆಯ್ತು. ಒಬ್ಬ ಗಿರಾಕಿಯ ಕೀ ನಿಮ್ಮ ಲಾಗಿನಲ್ಲಿ ದಿನಕ್ಕೆ 96 ಸಾಲು! ಆ ಲಾಗನ್ನು ನಾಳೆ ಯಾರೋ ಹೊಸ ಹುಡುಗ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುತ್ತಾನೆ. ಕೀಯನ್ನು ಹೆಡರಿನಲ್ಲಿ, ಅಂದರೆ ಕರೆಯ ಜೊತೆ ಹೋಗುವ ಮೇಲ್ಬರಹದಲ್ಲಿ, ಕಳಿಸು. ಆಥರೈಸೇಶನ್ ಹೆಡರಿನಲ್ಲಿ 'ಬೇರರ್' ಅಂತ ಹಾಕಿ ಮುಂದೆ ಕೀ ಇಟ್ಟರೂ ಸರಿ, 'ಎಕ್ಸ್-ಎಪಿಐ-ಕೀ' ಅಂತ ಇಟ್ಟರೂ ನಡೆಯುತ್ತದೆ. ಹೊಸ ಹೆಡರ್‌ಗೆ ಹೆಸರಿನ ಶುರುವಿಗೆ ಆ 'ಎಕ್ಸ್' ಬೇಡ ಅಂತ 2012ರಲ್ಲೇ ಹೇಳಿದ್ದಾರೆ, ಆದರೆ ಲೋಕ ಕೇಳಿಲ್ಲ. ಯಾವುದೋ ಒಂದು ಹಿಡಿ, ಜಗಳ ಬೇಡ. ಆದರೆ ಪ್ರತಿ ಕರೆಯಲ್ಲೂ ಕೈಯಾರೆ ಹೆಡರ್ ಬರೆಯುತ್ತಾ ಕೂರಬೇಡ. ಝ್ಯಾಪಿಯರ್ ಕೋಡಿನಲ್ಲಿ ಕರೆ ಹೊರಡುವ ಮುಂಚೆ ಓಡುವ ಬಿಫೋರ್‌ರಿಕ್ವೆಸ್ಟ್ ಅಂತ ಒಂದು ಜಾಗ ಇದೆಯಲ್ಲ, ಅಲ್ಲಿ ಒಂದೇ ಸಲ ಬರೆ. ಹತ್ತು ಕಡೆ ಬರೆದರೆ ಹನ್ನೊಂದನೆಯ ಕಡೆ ಮರೆಯುತ್ತೀಯ.

ಈಗ ಆ ಬಾಕ್ಸಿನ ವಿಷಯ. ಕೀ ಹಾಕುವ ಮನುಷ್ಯ ಹೇಗೆ ಹಾಕುತ್ತಾನೆ ಅಂತ ಒಮ್ಮೆ ಕೂತು ನೋಡು. ಆಲೆಮನೆ ಯಜಮಾನರು ಸೆಟ್ಟಿಂಗ್ಸ್ ತೆಗೆಯುವುದಿಲ್ಲ, ಮಗನಿಗೆ ಹೇಳುತ್ತಾರೆ. ಮಗ ಅದನ್ನು ವಾಟ್ಸಾಪಿನಲ್ಲಿ ಕಳಿಸುತ್ತಾನೆ. (ಕಳಿಸಬಾರದು, ಆದರೆ ಕಳಿಸುತ್ತಾನೆ.) ಅಲ್ಲಿಂದ ಕಾಪಿ ಮಾಡಿದಾಗ ಹಿಂದೆ ಒಂದು ಸ್ಪೇಸೋ, ಒಂದು ಹೊಸ ಸಾಲೋ ಅಂಟಿಕೊಂಡು ಬರುತ್ತದೆ. ಕಣ್ಣಿಗೆ ಕಾಣಲ್ಲ, ಕೀ ಮಾತ್ರ ಕೆಲಸ ಮಾಡಲ್ಲ. ನಾನು ಒಂದು ಮಧ್ಯಾಹ್ನ ಪೂರ್ತಿ ಇಂಥ ಒಂದು ಸ್ಪೇಸಿಗೆ ಊಟ ಬಿಟ್ಟಿದ್ದೇನೆ. ಹಿಂದು ಮುಂದಿನ ಖಾಲಿ ಜಾಗ ಕತ್ತರಿಸುವ ಒಂದು ಸಾಲು ಕೋಡ್ ಹಾಕು. ಇನ್ನು ಕೆಲವರು ನಿಮ್ಮ ಉದಾಹರಣೆ ನೋಡಿ 'ಬೇರರ್' ಅನ್ನೋ ಪದವನ್ನೂ ಸೇರಿಸಿ ಅಂಟಿಸುತ್ತಾರೆ. ಅದನ್ನೂ ತೆಗೆದುಬಿಡು. ಬಾಕ್ಸಿನ ಬಗೆಯನ್ನು ಪಾಸ್‌ವರ್ಡ್ ಅಂತ ಮಾಡು, ಪಕ್ಕದವರಿಗೆ ಕಾಣದಿರಲಿ. ಕೆಳಗೆ ಸಹಾಯದ ಸಾಲು ಬರೆಯುವಾಗ 'ನಿಮ್ಮ ಎಪಿಐ ಕೀ ನಮೂದಿಸಿ' ಅಂತ ಬರೆದರೆ ಏನೂ ಪ್ರಯೋಜನವಿಲ್ಲ. ಎಲ್ಲಿ ಒತ್ತಬೇಕು, ಯಾವ ಪುಟ, ಅದರ ಲಿಂಕ್, ಎಲ್ಲ ಕೊಡು.

ಕೀ ಹುಟ್ಟಿಸುವ ಕೆಲಸ ನಿಮ್ಮ ಸರ್ವರ್ ಹುಡುಗರದ್ದು. ಆದರೂ ನೀನು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಗಿರಾಕಿ ನಂಬರ್, ಇಸವಿ ಸೇರಿಸಿ ಕೀ ಮಾಡುತ್ತಿದ್ದಾರಾ? ಬೇಡ ಅನ್ನು, ಊಹಿಸಿಬಿಡಬಹುದು. 32 ಬೈಟ್ ರ‍್ಯಾಂಡಮ್ ತೆಗೆದುಕೊಂಡರೆ ಹೆಕ್ಸಿನಲ್ಲಿ (0-9, a-f ಮಾತ್ರ ಬಳಸಿ ಬರೆಯುವ ರೀತಿ) 64 ಅಕ್ಷರ ಬರುತ್ತದೆ, ಸಾಕು. ಡೇಟಾಬೇಸಿನಲ್ಲಿ ಕೀ ಹಾಗೆ ಹಾಗೇ ಇಡುತ್ತಿದ್ದಾರಾ? ಅದರ ಎಸ್‌ಎಚ್‌ಎ-256 ಹ್ಯಾಶ್ (ಮತ್ತೆ ಕೀ ಆಗಿ ತಿರುಗಿಸಲಾಗದ ಗುರುತು) ಇಟ್ಟರೆ ಡೇಟಾಬೇಸ್ ಸೋರಿದರೂ ಕೀ ಸೋರುವುದಿಲ್ಲ. ಗಿರಾಕಿಗೆ ಒಂದೇ ಸಲ ತೋರಿಸಿ, ಆಮೇಲೆ ಕೊನೆಯ ನಾಲ್ಕು ಅಕ್ಷರ ಮಾತ್ರ ಕಾಣಿಸಲಿ. ಒಬ್ಬರಿಗೆ ಎರಡು ಕೀ ಇಟ್ಟುಕೊಳ್ಳಲು ಬಿಡಲೇಬೇಕು. ಹಳೆಯದು ಬದಲಾಯಿಸುವಾಗ ಹೊಸದನ್ನು ಹಾಕಿ, ಓಡುತ್ತಿದೆ ಅಂತ ನೋಡಿಕೊಂಡು, ಆಮೇಲೆ ಹಳೆಯದನ್ನು ರದ್ದು ಮಾಡಬೇಕಲ್ವಾ. ಒಂದೇ ಇದ್ದರೆ ನಡುವೆ ಆರ್ಡರ್ ನಿಂತುಹೋಗುತ್ತದೆ, ಅದಕ್ಕೆ ಹೆದರಿ ಯಾರೂ ಕೀ ಬದಲಾಯಿಸುವುದೇ ಇಲ್ಲ.

ಕೋಡಿನಲ್ಲಿ ಟೆಸ್ಟಿಗೆ ಅಂತ ನಿನ್ನ ಕೀ ಬರೆದಿಟ್ಟು, ಕೋಡಿನ ಪ್ರತಿ ಬದಲಾವಣೆಯನ್ನೂ ಕಾಪಿಡುವ ಗಿಟ್‌ಗೆ ಏರಿಸಬೇಡ. ಏರಿಸಿಬಿಟ್ಟರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡ. ಹಳೇ ಕಮಿಟ್‌ನಲ್ಲಿ ಅದು ಕೂತೇ ಇರುತ್ತದೆ. ಮೊದಲು ಕೀ ರದ್ದು ಮಾಡು, ಆಮೇಲೆ ಉಳಿದ ತೊಳೆಯುವ ಕೆಲಸ.

ನಿಮ್ಮ ಬಾಸ್ ಓಆತ್ ಬೇಕು ಅನ್ನುತ್ತಿದ್ದಾರೆ ಅಂದೆಯಲ್ಲ. ಓಆತ್ 2.0 ಬಂದದ್ದು 2012ರಲ್ಲಿ. ಒಳ್ಳೆಯದೇ, ಗಿರಾಕಿ ಕೀ ಕಾಪಿ ಮಾಡುವ ತಲೆನೋವೇ ಇಲ್ಲ, ಲಾಗಿನ್ ಆಗಿ 'ಒಪ್ಪಿದೆ' ಅಂದರೆ ಮುಗಿಯಿತು. ಆದರೆ ಅದಕ್ಕೆ ಒಪ್ಪಿಗೆ ಪುಟ, ಟೋಕನ್ (ತಾತ್ಕಾಲಿಕ ಕೀ) ಕೊಡುವ ವಿಳಾಸ, ಅವಧಿ ಮುಗಿದರೆ ಹೊಸದು ಕೊಡುವ ವಿಳಾಸ ಎಲ್ಲ ನಿಮ್ಮ ಸರ್ವರಿನಲ್ಲೇ ಕಟ್ಟಬೇಕು. ಮೂರು ಜನರ ಆಫೀಸಿನಲ್ಲಿ ಈಗ ಅದು ಬೇಡ ಅಂತ ನನ್ನ ಅಭಿಪ್ರಾಯ. ಆದರೆ ಒಂದು ಮಾತು ಅವರಿಗೆ ಈಗಲೇ ಹೇಳಿಬಿಡು. ಒಂದು ಜೋಡಣೆಗೆ ಒಂದೇ ಬಗೆಯ ದೃಢೀಕರಣ. ನೂರು ಜನ ಕೀ ಹಾಕಿ ಕೂತ ಮೇಲೆ ಓಆತ್‌ಗೆ ಬದಲಾಯಿಸಿದರೆ ಆ ನೂರು ಜನವೂ ಮತ್ತೆ ಕನೆಕ್ಟ್ ಮಾಡಬೇಕಾಗುತ್ತದೆ. ಹೇಳದೆ ಸುಮ್ಮನಿದ್ದು ಆಮೇಲೆ ಬೈಗುಳ ತಿನ್ನಬೇಡ.

ನಿಮ್ಮತ್ತೆ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ. ಶನಿವಾರ ಟ್ರೈನಿಗೆ ಬಂದರೆ ತಗೊಂಡು ಹೋಗಬಹುದು. ನಿಮ್ಮಮ್ಮನಿಗೆ ಮಂಡಿ ನೋವಿಗೆ ಹೇಳಿದ ವ್ಯಾಯಾಮ ಮಾಡುತ್ತಿದ್ದಾಳಾ ಅಂತ ಕೇಳು, ಕೇಳಿದ್ದು ನಾನು ಅಂತ ಹೇಳಬೇಡ.

ಬುಧವಾರ ಸಂಜೆ ಫೋನ್ ಮಾಡು. ಕೀ ಬಾಕ್ಸಿನಲ್ಲಿ ನಿನ್ನ ಮೊಬೈಲ್ ನಂಬರ್ ಹಾಕಿ ಒತ್ತಿದಾಗ ಪರದೆ ಮೇಲೆ ಏನು ಬಂತು ಅಂತ ಅಕ್ಷರ ಬಿಡದೆ ಓದಿ ಹೇಳಬೇಕು.

ಇತಿ ನಿನ್ನ
ಮಾವ